ಮಾವ ಒತ್ತಿ ನೋಡಿದ ಸೀಟು

ಮಾವನ ಬಲಗೈ ಹೆಬ್ಬೆರಳಿನ ಉಗುರು ವರ್ಷವಿಡೀ ಹಳದಿಯಾಗಿರುತ್ತಿತ್ತು. ಹಣ್ಣಾದ ರೇಷ್ಮೆ ಹುಳುಗಳನ್ನು ಒಂದೊಂದಾಗಿ ಹೆಕ್ಕಿ ಚಂದ್ರಿಕೆಗೆ, ಅಂದರೆ ಅವು ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಟ್ಟು ಬಿಟ್ಟು ಹತ್ತಿದ ಬಣ್ಣ ಅದು. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಹೆಬ್ಬೆರಳಿನಿಂದ ಅವನು ಕಣ್ಣಿಗೆ ಬಿದ್ದದ್ದನ್ನೆಲ್ಲ ಒತ್ತಿ ನೋಡುತ್ತಿದ್ದ. ಗೂಡನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಬೇಕು, ಕಿವಿಯ ಹತ್ತಿರ ತಂದು ಅಲ್ಲಾಡಿಸಬೇಕು, ಒಳಗಿನ ಹುಳು ಲೊಟಲೊಟ ಅಂದರೆ ಗೂಡು ಬಿಡಿಸಬಹುದು ಎಂದು ಅರ್ಥ. ಗೂಡಿಗೆ ಇದು ಸರಿಯೇ. ಮಾವ ಎಳನೀರನ್ನೂ ಹೀಗೇ ನೋಡುತ್ತಿದ್ದ, ಬೆಲ್ಲದ ಅಚ್ಚನ್ನೂ ಹೀಗೇ, ನನ್ನ ಹೊಸ ಕೈಗಡಿಯಾರವನ್ನೂ ಹೀಗೇ. ನನ್ನ ತಂಗಿಯನ್ನು ನೋಡಲು ಬಂದ ಗಂಡಿನ ತೋಳನ್ನು ಮಾತಾಡಿಸುವ ನೆಪದಲ್ಲಿ ಒತ್ತಿ ನೋಡಿದ್ದು ನಮ್ಮ ನೆಂಟರಲ್ಲಿ ಇವತ್ತಿಗೂ ನಗೆಪಾಟಲು.

“ಒತ್ತಬೇಕು, ಅಲ್ಲಾಡುಸ್ಬೇಕು, ಮಾತೆಲ್ಲ ಆಮೇಲೆ ಕಣ್ಲಾ,” ಎನ್ನುತ್ತಿದ್ದ.

ಮೊನ್ನೆ ನನ್ನ ತಮ್ಮನ ಮಗ ಫೋನಿಗೆ ನಾಲ್ಕಾರು ಮೋಟರ್ ಬೈಕುಗಳ ಚಿತ್ರ ಕಳಿಸಿದ. ಎಲ್ಲವೂ ಹೊಸ ಗಾಡಿಗಳು, ರೂಪ ಮಾತ್ರ ಹಳೇ ಕಾಲದ್ದು. ದುಂಡನೆ ದೀಪ, ಹೊಟ್ಟೆ ಉಬ್ಬಿದ ಟ್ಯಾಂಕು, ಮಣೆ ಹಾಸಿದಂಥ ಚಪ್ಪಟೆ ಸೀಟು. “ದೊಡ್ಡಪ್ಪ, ನೀವು ಇಂಥದ್ದು ಓಡಿಸಿದೋರು. ನನಗೆ ಯಾವುದು ಸರಿ ಹೋಗುತ್ತೆ ಹೇಳಿ,” ಅಂದ. ಚಿತ್ರ ನೋಡಿದ್ದೇ ನನಗೆ ಸಿಟ್ಟು ಬಂತು. ಪಾಪ, ಆ ಹುಡುಗನ ಮೇಲಲ್ಲ. ತೀರಿಹೋಗಿ ಎಷ್ಟೋ ಕಾಲವಾದ ಮಾವನ ಮೇಲೆ. ಇಂಥದೇ ಒಂದು ಗಾಡಿಯನ್ನು ಆರಿಸಲು ಅವನು ತೆಗೆದುಕೊಂಡ ಕಾಲದಲ್ಲಿ ನಾನು ಕಾಲೇಜು ಮುಗಿಸಿ, ಊರಿನ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದು, ಮೀಸೆಯಲ್ಲಿ ಒಂದೆರಡು ಬಿಳಿ ಕೂದಲನ್ನೂ ಕಂಡಿದ್ದೆ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಕೆಂಗಲ್ಲಿನಿಂದ ಒಳಕ್ಕೆ ಹೋದರೆ ಅವನ ಊರು. ಚನ್ನಪಟ್ಟಣದಲ್ಲಿ ಓದಲೆಂದು ಅವನ ಮನೆಗೆ ಬಂದವನು ನಾನು ಅಲ್ಲೇ ಉಳಿದುಬಿಟ್ಟೆ. ಮನೆಯಲ್ಲಿ ಮಾವ, ಅತ್ತೆ, ನಾನು, ಮಿಕ್ಕವೆಲ್ಲ ಹುಳು. ಅದು ರೇಷ್ಮೆಯ ಭರಾಟೆಯ ಕಾಲ. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು, ಹೆಂಚಿನ ಮನೆಗಳು ತಾರಸಿಯಾಗುತ್ತಿದ್ದವು. ಒಂದು ಬೆಳೆಯ ಗೂಡು ಬಿಡಿಸುವ ಮೊದಲೇ ಮುಂದಿನ ಬೆಳೆಗೆ ಮೊಟ್ಟೆ ಹೇಳಿ ಬಂದಿರುತ್ತಿದ್ದರು. ನಡುಮನೆ, ಕೋಣೆ ಎಲ್ಲವೂ ಹುಳುವಿಗೆ. ನಾವು ಮನುಷ್ಯರು ಜಗುಲಿಯ ಮೇಲೆ ಮಲಗುತ್ತಿದ್ದೆವು.

ಆ ಹುಳುಗಳ ನಿಜವಾದ ಯಜಮಾನಿ ಅತ್ತೆ. ಸೊಪ್ಪು ಕೊಯ್ದು ತರುವುದು ಮಾವ, ಸಾಕುವುದು ಅವಳು. ಅವಳ ಸಾಕಣೆಯ ಗೂಡು ಗಟ್ಟಿ ಎಂದು ಸುತ್ತಿನ ಊರುಗಳಲ್ಲಿ ಹೆಸರಿತ್ತು. ಒಂದು ಮಳೆಗಾಲ ಸೊಪ್ಪಿನ ಹೊರೆ ಹೊತ್ತು ಮೆಟ್ಟಿಲ ಮೇಲೆ ಜಾರಿ ಬಿದ್ದಳು. ನಾಟಿ ಪಟ್ಟು ಕಟ್ಟಿಸಿದರು. ನೋವು ಹೋಯಿತು, ಆದರೆ ಎಡಗಾಲು ಮಂಡಿಯ ಹತ್ತಿರ ಮಡಚುವುದನ್ನೇ ಬಿಟ್ಟಿತು. ಆ ಕಾಲನ್ನು ನೇರ ಚಾಚಿಕೊಂಡೇ ಅವಳು ಹುಳುವಿಗೆ ಸೊಪ್ಪು ಹರಡುತ್ತಿದ್ದಳು, ರೊಟ್ಟಿ ತಟ್ಟುತ್ತಿದ್ದಳು, ನನ್ನನ್ನು ಬೈಯುತ್ತಿದ್ದಳು.

ಅತ್ತೆಗೆ ಇದ್ದ ಆಸೆ ಒಂದೇ. ತಾನು ಸಾಕಿದ ಗೂಡು ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾಗುವುದನ್ನು ಕಣ್ಣಾರೆ ನೋಡಬೇಕು. ನಮ್ಮ ಕಡೆ ಗೂಡು ಮಾರಲು ಹೋಗುವವರು ಗಂಡಸರು. ಹೆಂಗಸರು ಮನೆಯಲ್ಲಿ ಉಳಿದು ತಟ್ಟೆ ತೊಳೆದು, ಗೋಡೆಗೆ ಸುಣ್ಣ ಬಳಿದು ಮುಂದಿನ ಬೆಳೆಗೆ ಅಣಿ ಮಾಡುವವರು. ಮಾವ ಮಾರುಕಟ್ಟೆಯಿಂದ ಬಂದು ಕಾಲು ತೊಳೆಯುವ ಮೊದಲೇ ಅತ್ತೆ ಶುರು ಮಾಡುತ್ತಿದ್ದಳು.

“ಯಾರು ಹಿಡುದ್ರು? ಕೈ ಆಕಿ ನೋಡುದ್ರಾ? ಏನಂದ್ರು?”

“ನಿನ್ನ ಗೂಡು ಬಂತು ಅಂದ್ರೆ ಎದ್ದು ನಿಂತ್ಕತಾರೆ ಕಣಮ್ಮಿ. ಆ ಕಡೆ ನೋಡುದ್ರೆ ಈ ಕಡೆ ಕಾಣಕಿಲ್ಲ, ಅಂಥಾ ದೊಡ್ಡ ಮಾರ್ಕೆಟ್ಟು. ಜನ ಅಂದ್ರೆ ಜನ!”

ಮಾವನ ಬಾಯಲ್ಲಿ ಆ ಮಾರುಕಟ್ಟೆ ಪ್ರತಿ ಬೆಳೆಗೂ ಒಂದಿಷ್ಟು ಬೆಳೆಯುತ್ತಿತ್ತು. ಅತ್ತೆ ಸೊಪ್ಪು ಹರಡುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ನಂಬಿದಳೋ ಇಲ್ಲವೋ ಮುಖದಲ್ಲಿ ಗೊತ್ತಾಗುತ್ತಿರಲಿಲ್ಲ.

ಒಮ್ಮೆ ಬಸ್ಸಿನಲ್ಲಿ ಹೋಗಲು ಹೊರಟಿದ್ದಳಂತೆ. ಮೆಟ್ಟಿಲು ಎತ್ತರ, ಕಾಲು ಮಡಚದು. ಕಂಡಕ್ಟರ್ ಬೇಗ ಬೇಗ ಎಂದು ಅವಸರಿಸಿದ, ಬಸ್ಸಿನ ತುಂಬಾ ಜನ ಕಿಟಕಿಯಿಂದ ಇಣುಕಿದರು. ಹತ್ತದೆ ಮನೆಗೆ ಬಂದವಳು ಮತ್ತೆ ಬಸ್ಸಿನ ಸುದ್ದಿ ಎತ್ತಲಿಲ್ಲ. ಬಾಡಿಗೆ ಕಾರು ತರೋಣ ಎಂದು ನಾನೇ ಹೇಳಿದೆ. “ಕಾರು ತಂದ್ರೆ ಆಸ್ಪತ್ರೆಗೆ ಹೋದಂಗಾಯ್ತದೆ. ಊರೆಲ್ಲ ಬಂದು ಏನಾಯ್ತವ್ವ ಅಂತ ಕೇಳ್ತದೆ,” ಎಂದು ಅತ್ತೆಯೇ ಬೇಡವೆಂದಳು. ಎತ್ತಿನ ಗಾಡಿ ಮಾವನಿಗೆ ಒಪ್ಪಿಗೆಯಿಲ್ಲ. “ಇವ್ಳ ಗೂಡಿಗೆ ಮಾರ್ಕೆಟ್ಟಲ್ಲಿ ಅಂಥಾ ಮರ್ವಾದೆ ಐತೆ, ಇವ್ಳು ಎತ್ತಿನ ಗಾಡೀಲಿ ಹೋಗಿ ಇಳಿಯೋದಾ?”

ಹೀಗೆ ಎಲ್ಲವೂ ಬೇಡವಾದ ಮೇಲೆ ಒಂದು ದಿನ ಮಾವ ಊಟದ ಮಧ್ಯೆ ತೀರ್ಮಾನ ಹೇಳಿದ. “ಮೋಟರ್ ಬೈಕು ತಗತೀನಿ. ಮುಂದಿನ ಬೆಳೆಗೆ ನಿನ್ನ ಹಿಂದೆ ಕೂರುಸ್ಕಂಡು ಮಾರ್ಕೆಟ್ ಬಾಗ್ಲಲ್ಲೇ ಇಳುಸ್ತೀನಿ.” ಅತ್ತೆ ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ಸ್ನೇಹಿತರ ಗಾಡಿಗಳಲ್ಲಿ ಓಡಿಸಲು ಕಲಿತಿದ್ದವನು ಮನೆಯಲ್ಲಿ ನಾನೊಬ್ಬನೇ, ಹಾಗಾಗಿ ಗಾಡಿ ಆರಿಸಲು ಮಾವನ ಜೊತೆ ಹೋಗುವ ಭಾಗ್ಯ ನನ್ನದಾಯಿತು. ನಾನೂ ಕುಣಿದಾಡಿದೆ. ಮನೆಗೆ ಗಾಡಿ ಬಂದರೆ ನಾನೂ ಓಡಿಸಬಹುದಲ್ಲ!

ಮೊದಲು ಹೋದದ್ದು ರಾಮನಗರದ ಒಂದು ಅಂಗಡಿಗೆ. ಆಗ ಹೊಸ ಬಗೆಯ ಹಗುರ ಗಾಡಿಗಳು ಬಂದಿದ್ದವು. ಮುಟ್ಟಿದರೆ ಶುರುವಾಗುತ್ತವೆ, ಪೆಟ್ರೋಲು ಕುಡಿಯುವುದು ಕಡಿಮೆ. ನನ್ನ ಕಣ್ಣು ಅಲ್ಲೇ ನೆಟ್ಟಿತು. ಮಾವ ಹಿಂದಿನ ಸೀಟನ್ನು ಹೆಬ್ಬೆರಳಲ್ಲಿ ಒತ್ತಿದ. ಹ್ಯಾಂಡಲ್ ಹಿಡಿದು ಗಾಡಿಯನ್ನು ಅಲ್ಲಾಡಿಸಿ ಟ್ಯಾಂಕಿಗೆ ಕಿವಿ ಕೊಟ್ಟ. ಅಂಗಡಿಯವನು ನನ್ನ ಮುಖ ನೋಡಿದ, ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

“ಸೀಟಿನ ಬಾಲ ಮೇಲಕ್ಕೆ ಎದ್ದೈತೆ. ಕೂತೋರು ಜಾರಿ ನನ್ನ ಬೆನ್ ಮೇಲೆ ಬೀಳ್ತಾರೆ. ಬ್ಯಾಡ.”

ಕನಕಪುರದ ಕಡೆ ಕೋಡಿಹಳ್ಳಿಯಲ್ಲಿ ಒಬ್ಬ ತನ್ನ ಗಾಡಿ ಮಾರುತ್ತಾನೆ ಎಂದು ಕೇಳಿ ಬಸ್ಸು ಬದಲಿಸಿ ಬದಲಿಸಿ ಹೋದೆವು. ಗಾಡಿ ಅಚ್ಚುಕಟ್ಟಾಗಿತ್ತು. ಶುರು ಮಾಡಿದಾಗ ಹಿಂದಿನಿಂದ ನೀಲಿ ಹೊಗೆ ಬಂತು. ಮಾವ ಬಗ್ಗಿ ಆ ಹೊಗೆಯನ್ನು ಮೂಸಿ ನೋಡಿ, ಟವೆಲ್ಲಿನಿಂದ ಮೂಗು ಒರೆಸಿಕೊಂಡು, “ನಮ್ಮ ಹುಳ ತಡಿಯಕಿಲ್ಲ,” ಅಂದ. ಅಲ್ಲಿಗೆ ಮುಗಿಯಿತು. ಬರುವಾಗ ಬಸ್ಸಿನಲ್ಲಿ ನಾನು ಸಿಡುಕಿದೆ. “ಮಾವ, ಗಾಡಿ ತಗೊಳ್ಳೋದು ಅತ್ತೆಗೋ ಹುಳಕ್ಕೋ?” “ಇಬ್ರಿಗೂ ಕಣ್ಲಾ,” ಎಂದು ಅವನು ನಿದ್ದೆ ಹೋದ.

ಹೊಗೆಯ ವಿಚಾರ ಅವನು ಹೇಳಿದ್ದು ಸುಳ್ಳಲ್ಲ. ಹುಳು ಇರುವ ಮನೆಗೆ ಬೀಡಿ ಸೇದಿದವನು ಬರುವಂತಿಲ್ಲ, ಗಂಧದೆಣ್ಣೆ ಹಚ್ಚಿದವಳು ಬರುವಂತಿಲ್ಲ, ಹೂ ಮುಡಿಯುವಂತಿಲ್ಲ, ಒಗ್ಗರಣೆಯನ್ನು ಕೂಡ ಹಿತ್ತಿಲಲ್ಲೇ ಹಾಕಬೇಕು. ವಾಸನೆ ತಗುಲಿದರೆ ಹುಳು ಸೊಪ್ಪು ಮುಟ್ಟದೆ ತಲೆಯೆತ್ತಿ ಕೂರುತ್ತದೆ. ಇನ್ನು ಪೆಟ್ರೋಲು ಅಂದರೆ ಕೇಳಬೇಕೆ? ಗಾಡಿ ಮುಟ್ಟಿ ಬಂದ ದಿನ ಅತ್ತೆ ನಮ್ಮಿಬ್ಬರನ್ನೂ ಬಾವಿಯ ಹತ್ತಿರವೇ ತಡೆದು, ಬಟ್ಟೆ ಬಿಚ್ಚಿಸಿ ನೀರು ಹುಯ್ಯಿಸುತ್ತಿದ್ದಳು. ಇದರಿಂದಲೇ ನಮ್ಮ ಎಲ್ಲ ಪಡಿಪಾಟಲು ಶುರುವಾಯಿತು. ಗಾಡಿ ಬೇಕಾದದ್ದು ಅತ್ತೆಗೆ. ಆದರೆ ಅತ್ತೆ ಗಾಡಿಯ ಹತ್ತಿರ ಸುಳಿಯುವಂತಿಲ್ಲ, ಏಕೆಂದರೆ ಮನೆಯಲ್ಲಿ ಸದಾ ಹುಳು. ಬೆಳೆಯ ಮೇಲೆ ಬೆಳೆ ಬರುತ್ತಿದ್ದ ಆ ಕಾಲದಲ್ಲಿ, ಗೂಡು ಸಾಗಿಸುವ ದಿನವೊಂದನ್ನು ಬಿಟ್ಟರೆ, ಹುಳುವಿಲ್ಲದ ದಿನ ಎಲ್ಲಿತ್ತು?

ಹಾಗಾಗಿ ಮಾವ ಒಂದು ಉಪಾಯ ಹುಡುಕಿದ. ಅತ್ತೆಯ ಬದಲು ಗೂಡಿನ ಮೂಟೆ ಕೂರಿಸುವುದು.

ಜೊಳ್ಳೆಂದು ಆರಿಸಿ ತೆಗೆದ ತೆಳು ಗೂಡುಗಳನ್ನು ಒಂದು ಬಟ್ಟೆಯ ಚೀಲಕ್ಕೆ ತುಂಬಿ ಅವನು ಹೋದಲ್ಲೆಲ್ಲ ಹೊತ್ತು ತರುತ್ತಿದ್ದ. ಮಾರುವ ಗಾಡಿಯ ಹಿಂದಿನ ಸೀಟಿಗೆ ಅದನ್ನು ಕಟ್ಟುವುದು, ನಾನು ಒಂದು ಸುತ್ತು ಓಡಿಸುವುದು. ಬಂದ ಮೇಲೆ ಮಾವ ಟವೆಲ್ ಹಾಸಿ ಗೂಡು ಸುರಿದು ಒಂದೊಂದನ್ನೂ ಒತ್ತಿ ನೋಡುವುದು. ಎಷ್ಟು ಗೂಡು ನಗ್ಗಿವೆ, ಎಷ್ಟಕ್ಕೆ ಒಳಗಿನಿಂದ ಕಲೆ ಹಿಡಿದಿದೆ ಎಂಬುದರ ಮೇಲೆ ಗಾಡಿಯ ಯೋಗ್ಯತೆ ನಿಂತಿತ್ತು. ಚನ್ನಪಟ್ಟಣದ ಬೀದಿಯಲ್ಲಿ ಜನ ನಿಂತು ನೋಡುತ್ತಿದ್ದರು. ಒಬ್ಬ ಮುದುಕ ಗೂಡಿನ ಧಾರಣೆ ಎಷ್ಟು ಎಂದು ಕೇಳಿಯೂ ಬಿಟ್ಟ. ನನ್ನ ಜೊತೆ ಓದಿದವರು ಯಾರಾದರೂ ಆ ದಾರಿಯಲ್ಲಿ ಬಂದರೆ ನಾನು ಅಂಗಡಿಯೊಳಕ್ಕೆ ನುಗ್ಗುತ್ತಿದ್ದೆ.

“ಮಾವ, ಅತ್ತೇನೇ ಒಂದ್ಸಲ ಕೂರಿಸಿ ನೋಡಿದ್ರೆ ಆಯ್ತದಲ್ಲ! ಆಮೇಲೆ ಸ್ನಾನ ಮಾಡ್ಕತಾಳೆ.”

“ನಾಕನೇ ಜ್ವರ ಎದ್ದವೆ ಹುಳ. ಈಗ ಅವ್ಳ ಕೈಗೆ ಪೆಟ್ರೋಲ್ ವಾಸ್ನೆ ಅಂಟುಸ್ತೀಯಾ? ಗೂಡು ನಗ್ಗದಿದ್ರೆ ಅವ್ಳ ಕಾಲೂ ನೋಯಕಿಲ್ಲ ಕಣ್ಲಾ. ಮುಂದಿನ ಬೆಳೆಗೆ ನೋಡವ.”

ಹುಳು ಸೊಪ್ಪು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಮೇಲೆ ಅದಕ್ಕೆ ಹಗಲಿರುಳೂ ಸೊಪ್ಪು ಬೇಕು. ಆ ದಿನಗಳಲ್ಲಿ ಮಾವನ ಹತ್ತಿರ ಬೇರೆ ಮಾತು ನಡೆಯದು. ನನಗೂ ಅಷ್ಟರಲ್ಲಿ ಜ್ವರ ಬಂದಂತಾಗಿತ್ತು.

ಕೊನೆಗೆ ಮಾಗಡಿ ಕಡೆ ಗುಡೇಮಾರನಹಳ್ಳಿಯಲ್ಲಿ, ಮಿಲಿಟರಿಯಿಂದ ಬಂದು ವ್ಯವಸಾಯ ಮಾಡುತ್ತಿದ್ದ ಒಬ್ಬರ ಕೊಟ್ಟಿಗೆಯಲ್ಲಿ, ಕಂಬಳಿ ಹೊದಿಸಿದ್ದ ಹಳೇ ರೂಪದ ಗಾಡಿಯೊಂದು ಸಿಕ್ಕಿತು. ದುಂಡು ದೀಪ, ಉದ್ದನೆಯ ಅಗಲವಾದ ಚಪ್ಪಟೆ ಸೀಟು, ನೆಲಕ್ಕೆ ಹತ್ತಿರ. ಭಾರ ಮಾತ್ರ ಎಮ್ಮೆಯಷ್ಟು. ಶುರು ಮಾಡಲು ನಾನು ಒದ್ದು ಒದ್ದು ಬೆವೆತೆ. ಶುರುವಾದ ಮೇಲೆ ನಿಧಾನವಾಗಿ, ಒಂದೇ ಸಮನೆ ಗುಡುಗುಡು ಎಂದಿತು. ಮೂಟೆ ಕಟ್ಟಿಕೊಂಡು ಕಲ್ಲು ರಸ್ತೆಯಲ್ಲಿ ಸುತ್ತು ಹೊಡೆದು ಬಂದೆ. ಮಾವ ಟವೆಲ್ ಹಾಸಿದ. ಒತ್ತಿದ, ಅಲ್ಲಾಡಿಸಿದ, ಇನ್ನೊಂದು ಒತ್ತಿದ. ಒಂದು ಗೂಡೂ ನಗ್ಗಿರಲಿಲ್ಲ. ಅವನ ಮುಖ ಅರಳಿದ್ದನ್ನು ನೋಡಿ ನನ್ನ ಸಿಟ್ಟೆಲ್ಲ ಇಳಿಯಿತು. “ಇದೇ ಕಣ್ಲಾ! ಇದು ಅವ್ಳಿಗೇ ಅಂತ ಮಾಡಿರೋ ಗಾಡಿ,” ಎಂದು ಸೀಟನ್ನು ಸವರಿದ.

ಗಾಡಿ ಊರಿಗೆ ಬಂತು, ಮನೆಗೆ ಬರಲಿಲ್ಲ. ಡೇರಿಯ ಪಕ್ಕದ ಹೊಂಗೆಮರದ ಕೆಳಗೆ ಅದಕ್ಕೆ ಜಾಗ. ತೋಟದ ದಾರಿಯಲ್ಲಿ ಮಾವನಿಗೆ ಓಡಿಸಲು ಕಲಿಸಿದೆ. ಬ್ರೇಕು ಹಾಕಬೇಕಾದಲ್ಲಿ ಹಾರನ್ ಹೊಡೆದು ಎರಡು ಸಲ ಹಿಪ್ಪುನೇರಳೆ ಸಾಲಿಗೆ ನುಗ್ಗಿದ. ಹೇಗೋ ಕಲಿತ. ಅತ್ತೆ ಜಗುಲಿಯ ಮೇಲಿಂದ ಕತ್ತು ಉದ್ದ ಮಾಡಿ ಆ ಹೊಂಗೆಮರದತ್ತ ನೋಡುತ್ತಿದ್ದಳು.

ಗೂಡು ಬಿಡಿಸಿದ ದಿನ ಬಂತು. ಬೆಳಿಗ್ಗೆಯೇ ಚೀಲಗಳು ಊರವರ ಟೆಂಪೋ ಹತ್ತಿದವು. ಅಂದು ಮನೆಯಲ್ಲಿ ಹುಳು ಇಲ್ಲದ್ದರಿಂದ ಅತ್ತೆ ಮಲ್ಲಿಗೆ ಮುಡಿದಿದ್ದಳು. ಎಷ್ಟು ಕಾಲದ ಮೇಲೆ ಅವಳ ತಲೆಯಲ್ಲಿ ಹೂ ನೋಡಿದೆನೋ! ಕುಂಟುತ್ತಾ ಹೊಂಗೆಮರದ ಹತ್ತಿರ ಬಂದಳು. ಮಾವ ಗಾಡಿ ಶುರು ಮಾಡಿ ರಾಜನ ಹಾಗೆ ಕೂತಿದ್ದ. ಎಲ್ಲ ಹೆಂಗಸರು ಕೂರುವಂತೆ ಅವಳು ಎಡಕ್ಕೆ ಎರಡೂ ಕಾಲು ಬಿಟ್ಟು ಅಡ್ಡಲಾಗಿ ಕೂತಳು. ಬಲಗಾಲು ಮಡಚಿ ಕೆಳಗಿಳಿಯಿತು. ಎಡಗಾಲು ಮಡಚಲಿಲ್ಲ. ರಸ್ತೆಗೆ ಅಡ್ಡಲಾಗಿ, ರೈಲ್ವೆ ಗೇಟಿನ ಕಂಬಿಯ ಹಾಗೆ ನೇರ ನಿಂತುಬಿಟ್ಟಿತು.

ಮಾವ ಹಿಂದೆ ನೋಡದೆ ಹೊರಟೇಬಿಟ್ಟ. ಎದುರಿಗೆ ಎಡ ಅಂಚಿನಲ್ಲೇ ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಸೈಕಲ್ಲಿನವನು ಆ ಕಾಲು ತಪ್ಪಿಸಲು ಹೋಗಿ ಚರಂಡಿಗೆ ಇಳಿದ. ಅತ್ತೆ “ನಿಲ್ಸಿ, ನಿಲ್ಸಿ!” ಎಂದು ಕೂಗಿದಳು. ಮುಂದೆ ಮೈಸೂರು ರಸ್ತೆ, ಅಲ್ಲಿ ಬಸ್ಸು ಲಾರಿಗಳು. ಹೋಗುವಂತೆಯೇ ಇರಲಿಲ್ಲ. ಟೆಂಪೋದವನು ಹಾರನ್ ಮೇಲೆ ಹಾರನ್ ಹೊಡೆಯುತ್ತಿದ್ದ. ಮಾವ ಗಾಡಿ ಹಿಡಿದುಕೊಂಡು ಬೆಪ್ಪಾಗಿ ನಿಂತ.

“ಗೂಡಿಗೆ ಹೊತ್ತು ಮೀರ್ತದೆ. ನೀವು ಟೆಂಪೋದಲ್ಲೇ ಹೊಂಡಿ,” ಎಂದಳು ಅತ್ತೆ. ಅವನು ಹೋದ. ನನಗೆ ಆ ಟೆಂಪೋದ ಹಿಂದೆ ಓಡಿ ಮಾವನನ್ನು ಹಿಡಿದು ಜಾಡಿಸಬೇಕು ಅನ್ನಿಸಿತು. ನಾಲ್ಕು ತಾಲ್ಲೂಕು ಸುತ್ತಿ, ಸಾವಿರ ಸಲ ಒತ್ತಿ, ಅಲ್ಲಾಡಿಸಿ ಆರಿಸಿದ ಗಾಡಿ! ಗೂಡಿನ ಮೂಟೆಗೆ ಕಾಲಿರಲಿಲ್ಲ ಎಂಬುದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಅತ್ತೆ ಗಾಡಿಯ ಸೀಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. “ಗಂಡಸ್ರಂಗೆ ಆ ಕಡೆಗೊಂದು ಈ ಕಡೆಗೊಂದು ಕಾಲಾಕಿ ಕೂತ್ರೆ ಕಾಲು ನೆಟ್ಟಗೆ ಕೆಳೀಕೆ ಇಳೀತದೆ ಮಗ,” ಅಂದಳು. “ಗಾಡಿ ಬಂದ ದಿನವೇ ಜಗಲಿ ಮೇಲಿಂದ ನೋಡಿ ಅಂದ್ಕಂಡಿದ್ದೆ.”

“ಅವತ್ತೇ ಹೇಳ್ಬಾರ್ದಾಗಿತ್ತಾ ಅತ್ತೆ?”

“ಯಾರು ಕೇಳುದ್ರು?”

ಸಂಜೆ ಮಾವ ಬಂದ ಮೇಲೆ ಅತ್ತೆ ಗಂಡಸರಂತೆ ಕೂರುವ ವಿಷಯವನ್ನು ನಾನೇ ಎತ್ತಿದೆ. ಅವನು ಕೋಪ ಮಾಡಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಕೋಪ ಮಾಡಿಕೊಂಡಿದ್ದರೆ ಜಗಳವಾಡಬಹುದಿತ್ತು. ಅವನು ತಲೆ ತಗ್ಗಿಸಿ ತನ್ನ ಹೆಬ್ಬೆರಳನ್ನೇ ನೋಡಿಕೊಂಡ. “ನಗಾಡ್ತಾರೆ ಕಣ್ಲಾ. ಬಸ್ಸಿನ ತಾವ ನಗಾಡಿದ್ದೇ ಸಾಕು. ನನ್ನ ನೋಡಿ ನಗಲಿ, ಅವ್ಳ ನೋಡಿ ನಗಬಾರ್ದು,” ಅಂದ. ಅಂದಿನಿಂದ ಮತ್ತೊಂದು ಸುತ್ತು ಶುರುವಾಯಿತು. ಅಡ್ಡ ಕೂತವರ ಕಾಲು ಚಾಚಲು ಏನಾದರೂ ಮಾಡಿಸಬೇಕು. ರಾಮನಗರದ ವೆಲ್ಡಿಂಗ್ ಅಂಗಡಿಯವನ ಕೈಲಿ ಒಂದು ಕಬ್ಬಿಣದ ಹಲಗೆ ಮಾಡಿಸಿದ, ಅದು ಮಾವನ ಸ್ವಂತ ಕಾಲಿಗೇ ಅಡ್ಡ ಬಂತು. ಸೀಟು ತೆಗೆಸಿ ಪುಟ್ಟ ಕುರ್ಚಿ ಕೂರಿಸಿದ, ಅದು ಎತ್ತರವಾಯಿತೆಂದು ಹಳೇ ಸೀಟನ್ನೇ ಮತ್ತೆ ಹಾಕಿಸಿದ. ಪಕ್ಕಕ್ಕೆ ತೊಟ್ಟಿಲು ಜೋಡಿಸುತ್ತಾರಂತೆ ಎಂದು ಯಾರೋ ಹೇಳಿದ್ದಕ್ಕೆ ಬೆಂಗಳೂರಿಗೂ ಓಡಾಡಿದ. ಅಳತೆ ಬೇಕಲ್ಲ? ಅತ್ತೆ ಮಧ್ಯಾಹ್ನ ಒರಗಿ ಕಣ್ಣು ಮುಚ್ಚಿದಾಗ ಹಿಪ್ಪುನೇರಳೆ ಕಡ್ಡಿಯಿಂದ ಅವಳ ಕಾಲಿನ ಉದ್ದ ಹಿಡಿದ. ಅವಳು ಎಚ್ಚರವಾಗೇ ಇದ್ದಳು. ಕಣ್ಣು ತೆರೆಯದೆ ನನಗೆ ಕೇಳುವಂತೆ ನಿಟ್ಟುಸಿರು ಬಿಟ್ಟಳು.

ಬೆಳೆಗಳು ಬಂದವು, ಹೋದವು. “ಮುಂದಿನ ಬೆಳೆಗೆ,” ಎನ್ನುತ್ತಲೇ ಇದ್ದ. ಆ ಮನುಷ್ಯನಿಗೆ ಅತ್ತೆಯ ಮೇಲೆ ಪ್ರೀತಿ ಕಡಿಮೆಯಿತ್ತು ಎಂದು ಯಾರಾದರೂ ಹೇಳಿದರೆ ನಾನು ಹೊಡೆದಾಟಕ್ಕೇ ನಿಲ್ಲುತ್ತೇನೆ. ಆದರೆ ಅಷ್ಟು ಪ್ರೀತಿ ಇಟ್ಟುಕೊಂಡು ಒಂದು ಮಾತು ಕೇಳಲಾರದವನ ಜೊತೆ ಬಾಳುವುದು ಹೇಗೆ? ಅತ್ತೆ ಬಾಳಿದಳು. ನಾನು ಪಕ್ಕದಲ್ಲಿದ್ದುಕೊಂಡು ಹಲ್ಲು ಕಡಿದೆ.

ಒಂದು ಮಧ್ಯಾಹ್ನ ಊಟಕ್ಕೆ ಕೂತ ಮಾವ ಎದೆ ಹಿಡಿದುಕೊಂಡ. ಹೊಂಗೆಮರದ ಕೆಳಗಿನ ಗಾಡಿಯನ್ನು ನಾನು ಶುರು ಮಾಡುವಷ್ಟರಲ್ಲಿ ಮನೆಯ ಕಡೆಯಿಂದ ಅತ್ತೆಯ ಕೂಗು ಕೇಳಿಸಿತು. ಹುಳು ಆಗ ನಾಲ್ಕನೇ ಜ್ವರದಲ್ಲಿದ್ದವು. ಸೂತಕದ ಮನೆ, ಹುಳು ಎತ್ತಿ ತಿಪ್ಪೆಗೆ ಹಾಕಿಬಿಡಿ ಎಂದರು ನೆಂಟರು. ಅತ್ತೆ ಕಣ್ಣೊರೆಸಿಕೊಂಡು, “ಅವ್ರು ಹೋದ್ರು ಅಂತ ಇವನ್ನೂ ಸಾಯುಸ್ಲಾ?” ಎಂದಳು. ಅಕ್ಕಪಕ್ಕದ ಮನೆಯವರು ಸೊಪ್ಪು ಕೊಯ್ದು ತಂದರು, ಅವಳು ಕಾಲು ಚಾಚಿ ಕೂತು ಹರಡಿದಳು. ಹುಳು ಹಣ್ಣಾದವು, ಚಂದ್ರಿಕೆ ಏರಿದವು. ತಿಥಿ ಮುಗಿದ ಮೇಲೆ ಗೂಡು ಬಿಡಿಸುವ ದಿನ ಬಂತು.

ಚೀಲಗಳನ್ನು ಟೆಂಪೋಗೆ ಹಾಕಿಸಿ, ನಾನೂ ಅದರಲ್ಲೇ ಹತ್ತಬೇಕು ಅನ್ನುವಾಗ ಅತ್ತೆ ಬಾಗಿಲಿಗೆ ಬಂದಳು. ಸೀರೆಯ ಕೆಳಗೆ ಮಾವನ ಪೈಜಾಮ ಹಾಕಿಕೊಂಡಿದ್ದಳು. ನೆರಿಗೆಯನ್ನು ಎತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ್ದಳು.

“ನಡಿ ಮಗ. ಗಾಡಿ ತಗಿ.”

ಡೇರಿಯ ಮುಂದೆ ಹಾಲು ಹಾಕಲು ಬಂದವರ ಸಾಲು. ನಾನು ಗಾಡಿಯನ್ನು ಡೇರಿಯ ಕಟ್ಟೆಗೆ ಒತ್ತಿ ನಿಲ್ಲಿಸಿದೆ. ಅತ್ತೆ ಕಟ್ಟೆಯ ಮೇಲಿಂದ ಬಲಗಾಲನ್ನು ಸೀಟಿನ ಆಚೆಗೆ ಹಾಕಿ, ನನ್ನ ಹೆಗಲು ಹಿಡಿದು ಕೂತಳು. ಎಡಗಾಲು ನೇರವಾಗಿ ಕೆಳಕ್ಕೆ ಇಳಿಬಿತ್ತು, ಪಾದ ನೆಲಕ್ಕೆ ತಾಗದಂತೆ ಸರಿಯಾಗಿ ನಿಂತಿತು. ಸೀಟು ಅವಳ ಅಳತೆಗೇ ಮಾಡಿಸಿದಂತಿತ್ತು. ನಾನು ಸಾಲಿನಲ್ಲಿ ನಿಂತವರ ಮುಖ ನೋಡಿದೆ. ಯಾರೂ ನಗಲಿಲ್ಲ. ಚೊಂಬು ಹಿಡಿದು ನಿಂತಿದ್ದ ಒಬ್ಬ ಮುದುಕಿ, “ಒಸಿ ಗಟ್ಟಿಯಾಗಿ ಹಿಡ್ಕಳವ್ವ,” ಅಂದಳು, ಅಷ್ಟೇ. ಇಷ್ಟಕ್ಕಾಗಿ ಮಾವ ಅಷ್ಟೂ ಬೆಳೆಗಳನ್ನು ಕಳೆದಿದ್ದ.

ಕೆಂಗಲ್ ಆಂಜನೇಯನಿಗೆ ಗಾಡಿಯ ಮೇಲಿಂದಲೇ ಕೈಮುಗಿದಳು. ಮೈಸೂರು ರಸ್ತೆಯಲ್ಲಿ ಗಾಳಿ ಬೀಸಿತು. ಅವಳು ಏನೋ ಕೇಳುವ ಮೊದಲೇ ರಾಮನಗರ ಬಂದುಬಿಟ್ಟಿತು. ಮಾರುಕಟ್ಟೆಯ ಬಾಗಿಲಲ್ಲಿ ಗಾಡಿ ನಿಲ್ಲಿಸಿದೆ. “ಯಾಕಪ್ಪಾ ನಿಲ್ಲುಸ್ದೆ?” ಅಂದಳು.

“ಬಂತಲ್ಲ ಅತ್ತೆ. ಇದೇ ಮಾರ್ಕೆಟ್ಟು.”

“ಇಷ್ಟೇ ದೂರಾನಾ?”

ನಾನು ಗಾಡಿಯನ್ನು ಬಾಗಿಲ ಕಟ್ಟೆಗೆ ಒತ್ತಿ, ಹೆಗಲು ಕೊಟ್ಟು ಅವಳನ್ನು ಇಳಿಸಿದೆ.

ಒಳಗೆ ಗದ್ದಲವೋ ಗದ್ದಲ. ಆ ಕಡೆ ನೋಡಿದರೆ ಈ ಕಡೆ ಚೆನ್ನಾಗಿಯೇ ಕಾಣುತ್ತಿತ್ತು. ನಮ್ಮ ಗೂಡು ರಾಶಿಯಾಗಿ ಬಿದ್ದಿತ್ತು, ಅತ್ತೆ ಅದರ ಪಕ್ಕ ಕಾಲು ನೇರ ಚಾಚಿ ಒಂದು ಕಂಬಕ್ಕೆ ಒರಗಿ ನಿಂತಳು. ನೂಲು ಬಿಚ್ಚಿಸುವ ವ್ಯಾಪಾರಿಗಳು ಸುತ್ತುತ್ತಾ ಬಂದರು. ಯಾರೂ ಅವಳನ್ನು ಕಂಡು ಎದ್ದು ನಿಲ್ಲಲಿಲ್ಲ, ಎಲ್ಲರೂ ಮೊದಲೇ ನಿಂತಿದ್ದರು. ಅವರಲ್ಲಿ ಒಬ್ಬ ನಮ್ಮ ರಾಶಿಗೆ ಕೈ ಹಾಕಿ ಒಂದು ಗೂಡು ತೆಗೆದ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಕಣ್ಣು ಅರ್ಧ ಮುಚ್ಚಿ ಮತ್ತೆ ಒತ್ತಿದ, ಇನ್ನೊಂದು ತೆಗೆದ, ಮತ್ತೆ ಒತ್ತಿದ.

ಅತ್ತೆ ಆ ಹೆಬ್ಬೆರಳನ್ನೇ ನೋಡಿದಳು. ಆಮೇಲೆ ಅವಳು ಗಂಟಲು ಸರಿಮಾಡಿಕೊಂಡು, ಸುತ್ತಲಿನ ಗದ್ದಲದ ಮೇಲೆ ಕೇಳುವ ಹಾಗೆ ಜೋರಾಗಿ ಹೇಳಿದಳು:

“ಒತ್ತಿದ್ದು ಸಾಕು, ಕೂಗಪ್ಪ!”

ಸುತ್ತಲಿದ್ದವರೆಲ್ಲ ಗೊಳ್ಳನೆ ನಕ್ಕರು. ಆ ವ್ಯಾಪಾರಿಯೂ ನಕ್ಕು ಹರಾಜು ಕೂಗಿದ. ಅತ್ತೆಯೂ ನಕ್ಕಳು, ಸೆರಗಿನಲ್ಲಿ ಕಣ್ಣು ಮುಚ್ಚಿಕೊಂಡು ಎಷ್ಟೋ ಹೊತ್ತು ನಕ್ಕಳು, ಕೊನೆಗೆ ಅದು ನಗುವಾಗಿ ಉಳಿಯಲಿಲ್ಲ. ಅವಳನ್ನು ನೋಡಿ ಜನ ನಗಬಾರದು ಎಂದಿದ್ದ ಮಾವ. ನಕ್ಕರು, ಮತ್ತು ಅವಳಿಗೆ ಏನೂ ಆಗಲಿಲ್ಲ. ಇದನ್ನು ಅವನಿಗೆ ತೋರಿಸಲಾಗಲಿಲ್ಲವಲ್ಲ ಎಂದು ನಾನು ಅವತ್ತು ಗಾಡಿಯ ಟ್ಯಾಂಕನ್ನು ಗುದ್ದಿದ್ದೆ. ಆ ತಗ್ಗು ಕೊನೆಯವರೆಗೂ ಹಾಗೇ ಇತ್ತು.

ಅಲ್ಲಿಂದ ಮುಂದೆ ಪ್ರತಿ ಬೆಳೆಗೂ ಅತ್ತೆಯೇ ಹೋದಳು. ಕೊನೆಗಾಲದವರೆಗೂ ಹಾಗೇ ಕೂತು, ಅದೇ ಸೀಟಿನ ಮೇಲೆ. ಮಾವ ಆರಿಸಿದ ಗಾಡಿಯಲ್ಲಿ ತಪ್ಪೇನೂ ಇರಲಿಲ್ಲ. ಅಷ್ಟು ಸರಿಯಾದದ್ದನ್ನು ಆರಿಸಿದವನು ಅದರ ಮೇಲೆ ಅವಳನ್ನು ಕೂರಿಸಿಕೊಂಡು ಒಂದೇ ಒಂದು ಸಲವೂ ಹೋಗಲಿಲ್ಲ ಎಂಬುದೇ ನನ್ನ ಸಿಟ್ಟು. ಅದು ಇನ್ನೂ ಇಳಿದಿಲ್ಲ. ಆದರೂ ಅಂಗಡಿಯಲ್ಲಿ ಯಾವ ಗಾಡಿ ಕಂಡರೂ ನನ್ನ ಹೆಬ್ಬೆರಳು ತಾನಾಗಿ ಹಿಂದಿನ ಸೀಟಿಗೆ ಹೋಗುತ್ತದೆ.

ತಮ್ಮನ ಮಗನಿಗೆ ಫೋನ್ ಮಾಡಿದೆ. ಅವನು ಯಾವುದರ ಇಂಜಿನ್ ಎಷ್ಟು, ಯಾವುದು ಎಷ್ಟು ಭಾರ, ಯಾವುದರ ಬಣ್ಣ ಚೆಂದ ಎಂದು ಒಂದೇ ಸಮನೆ ಹೇಳಿದ.

“ಹಿಂದೆ ಕೂರೋರು ಯಾರಪ್ಪ?” ಎಂದು ಕೇಳಿದೆ.

“ಅವಳೇ, ಇನ್ಯಾರು ದೊಡ್ಡಪ್ಪ?” ಎಂದ. ಅವನ ಹೆಂಡತಿ.

“ಅವಳನ್ನ ಕೇಳಿದೆಯಾ?”

“ಇಲ್ಲ ದೊಡ್ಡಪ್ಪ, ತಂದ ಮೇಲೆ ತೋರಿಸೋಣ ಅಂತ,” ಎಂದ.

“ಫೋನ್ ಅವಳ ಕೈಗೆ ಕೊಡು,” ಅಂದೆ.